ಲೋಳೆ

ಈ ತಲೆಬರಹವನ್ನು ಕಂಡು ವಾಚಕರಲ್ಲಿ ಕೆಲವರಾದರೂ ಮೂಗು ಮುರಿಯಬಹುದು. ಸಂಘದ ಪತ್ರಿಕೆಗೆ ಬರೆಯಲು ಇದಕ್ಕಿಂತ ಮಡಿಯಾದ ವಿಷಯವೊಂದು ಈ ಮುದುಕನಿಗೆ ದೊರೆಯಲಿಲ್ಲವೆ ಎಂದು ಕೇಳಲೂ ಬಹುದು. ಒಂದು ಕಾಲಕ್ಕೆ ನಾನೂ ಹಾಗೆಯೇ ಕೇಳುತ್ತಿದ್ದೆನು. ಕೇಳಿದ್ದು ಮಾತ್ರವಲ್ಲ, ಈ ಶಬ್ದವನ್ನು ನನ್ನೆದುರಿಗೆ ಆಡಿದವನೊಬ್ಬನನ್ನು ದಂಡಿಸಿಯೂ ಇದ್ದೆನು. ಆ ದಂಡನೆಯ ಋಣವು ಇಷ್ಟು ವರ್ಷಗಳ ಮೇಲೆ ಬಾಗಿಲಿಗೆ ಬಂದು ನಿಂತಿರುವುದರಿಂದ ಈ ನಾಲ್ಕು ಮಾತುಗಳನ್ನು ಬರೆಯಬೇಕಾಗಿದೆ.

ಗೃಹಿಣಿಯರಿಗೆ ಈ ಪದಾರ್ಥದ ಪರಿಚಯವನ್ನು ನಾನು ಮಾಡಿಕೊಡಬೇಕಾದುದಿಲ್ಲ. ಬೆಂಡೆಕಾಯಿಯನ್ನು ಹೆಚ್ಚುವಾಗ ಈಳಿಗೆಮಣೆಯ ಅಲಗಿಗೆ ಹತ್ತಿಕೊಂಡು ಎಳೆಎಳೆಯಾಗಿ ಬರುವುದೇ ಲೋಳೆ. ಅದು ನೀರೂ ಅಲ್ಲ, ಗಟ್ಟಿಯೂ ಅಲ್ಲ. ಹರಿಯುವುದು ನಿಜ, ಆದರೆ ಅದಕ್ಕೆ ಅವಸರವೆಂಬುದಿಲ್ಲ. ಕೈಯಿಂದ ಒರೆಸಿದರೆ ಕೈಗೆ, ಬಟ್ಟೆಯಿಂದ ಒರೆಸಿದರೆ ಬಟ್ಟೆಗೆ, ಎಲ್ಲಿ ಒರೆಸಿದರೆ ಅಲ್ಲಿಗೆ ತಾನೂ ಬರುವುದು.

ಈ ಕುಲಕ್ಕೆ ಸೇರಿದ ವಸ್ತುಗಳನ್ನು ಹೆಸರಿಸುವುದರಲ್ಲಿ ನಮ್ಮ ಮನೆಮಾತು ಎಷ್ಟು ಸಿರಿವಂತವಾಗಿದೆ ಎಂಬುದನ್ನು ನಾವು ಸಾಮಾನ್ಯವಾಗಿ ಯೋಚಿಸುವುದಿಲ್ಲ. ಹಲಸಿನ ತೊಳೆಯನ್ನು ಬಿಡಿಸುವಾಗ ಬೆರಳಿಗೆ ಹತ್ತುವುದು ಅಂಟು. ಎಣ್ಣೆಯ ಪಾತ್ರೆಯ ಹೊರಮೈಯಲ್ಲಿ ಕೂರುವುದು ಜಿಡ್ಡು. ಅದರ ತಳದಲ್ಲಿ ಉಳಿಯುವುದು ಮಡ್ಡಿ. ಕೆರೆ ಬತ್ತುತ್ತ ಬಂದಾಗ ಅಡಿಯಲ್ಲಿ ನಿಲ್ಲುವ ನೀರು ಬಗ್ಗಡ. ಮಳೆಗಾಲದಲ್ಲಿ ದನಗಳು ತುಳಿದು ತುಳಿದು ಆದ ಕೊಟ್ಟಿಗೆಯ ಬಾಗಿಲು ರೊಜ್ಜು. ಹುಣಿಸೆಯೂ ಬೆಲ್ಲವೂ ಕುದಿದು ಮಂದವಾದರೆ ಗೊಜ್ಜು. ರಾಗಿಯ ಹಿಟ್ಟು ತೆಳ್ಳಗೆ ಕುದಿದರೆ ಅಂಬಲಿ. ಅದನ್ನೇ ನುಣ್ಣಗೆ ಸೋಸಿ ಕೂಸಿಗೆ ಬೇಯಿಸಿದರೆ ಸರಿ. ಒಂದರ ಹೆಸರನ್ನು ಮತ್ತೊಂದಕ್ಕೆ ಯಾವ ಗೃಹಿಣಿಯೂ ಇಡುವುದಿಲ್ಲ. ಇಷ್ಟೂ ಸಾಲದೆಂಬಂತೆ ಲೊಳಲೊಳ, ಪಿಚಪಿಚ, ಗಿಜಿಗಿಜಿ ಎಂಬ ಮಾತುಗಳು ಬೇರೆ ಇವೆ. ವೈಯಾಕರಣರು ಇಂಥವನ್ನು ಅನುಕರಣಾವ್ಯಯಗಳೆಂದು ಕರೆದು ಒಂದು ಮೂಲೆಯಲ್ಲಿ ಕೂರಿಸಿದರು. ಆದರೆ ಇವನ್ನು ಬಿಟ್ಟು ಒಂದು ದಿನದ ಅಡಿಗೆಯ ವರ್ತಮಾನವನ್ನು ಹೇಳುವುದು ಯಾರಿಂದಲೂ ಆಗದು.

ನಾನಾದರೋ ಇವೆಲ್ಲವನ್ನೂ ಮನೆಯಲ್ಲಿ ಕೇಳುತ್ತ ಬೆಳೆದು, ಪಾಠಶಾಲೆಗೆ ಹೋಗಿ ಮರೆತವನು. ಹೊಳೆನರಸೀಪುರದ ಸೀಮೆಯಲ್ಲಿ, ಹೇಮಾವತಿಯ ದಡದಲ್ಲಿದ್ದ ಒಂದು ಸಣ್ಣ ಸಂಸ್ಕೃತ ಪಾಠಶಾಲೆಯಲ್ಲಿ ಪ್ರಥಮಾ, ಕಾವ್ಯ, ಸಾಹಿತ್ಯ ಪರೀಕ್ಷೆಗಳನ್ನು ಮುಗಿಸಿದೆನು. ಕೆಸರೊಂದಕ್ಕೇ ಅಮರಸಿಂಹನು ನಿಷದ್ವರ, ಜಂಬಾಲ, ಪಂಕ, ಶಾದ, ಕರ್ದಮ ಎಂದು ಐದು ಹೆಸರುಗಳನ್ನು ಕೊಟ್ಟಿದ್ದಾನೆ. ಮುಂಜಾನೆ ಹೊಳೆಯಲ್ಲಿ ಮಿಂದು ಅದೇ ಕರ್ದಮದಲ್ಲಿ ಕಾಲು ಜಾರುತ್ತ ಬಂದು ಆ ಐದನ್ನೂ ಒಪ್ಪಿಸುತ್ತಿದ್ದೆವು. ವಾಗ್ಭಟನು ಅಷ್ಟಾಂಗಹೃದಯದಲ್ಲಿ ದ್ರವ್ಯಗಳ ಇಪ್ಪತ್ತು ಗುಣಗಳನ್ನು ಒಂದಕ್ಕೊಂದು ಎದುರಾಗಿ ಜೋಡಿಸಿದ್ದಾನೆ: ಸಾಂದ್ರಕ್ಕೆ ಎದುರು ದ್ರವ, ಸ್ನಿಗ್ಧಕ್ಕೆ ಎದುರು ರೂಕ್ಷ, ಪಿಚ್ಛಿಲಕ್ಕೆ ಎದುರು ವಿಶದ. ಈ ಪಿಚ್ಛಿಲವೆಂಬುದೇ ನಮ್ಮ ಲೋಳೆಯ ಗುಣ. ಅದನ್ನು ಹಾಗೆಂದು ಹೇಳಿಕೊಟ್ಟವರು ಮಾತ್ರ ಯಾರೂ ಇರಲಿಲ್ಲ.

ತರ್ಕದಲ್ಲಿಯೂ ಹೀಗೆಯೇ ಆಯಿತು. ಅನ್ನಂಭಟ್ಟನ ತರ್ಕಸಂಗ್ರಹದಲ್ಲಿ ದ್ರವತ್ವವು ಎರಡು ವಿಧ. ನೀರಿಗೆ ಹುಟ್ಟಿನಿಂದಲೇ ಬಂದದ್ದು ಸಾಂಸಿದ್ಧಿಕ. ತುಪ್ಪ ಮೊದಲಾದವಕ್ಕೆ ಬೆಂಕಿಯ ಸಂಯೋಗದಿಂದ ಬಂದದ್ದು ನೈಮಿತ್ತಿಕ. ಇದಲ್ಲದೆ ಸ್ನೇಹವೆಂಬ ಗುಣವೊಂದುಂಟು. ಪುಡಿಯಾದುದನ್ನು ಪಿಂಡವಾಗಿಸುವುದು ಅದರ ಕೆಲಸ, ಅದು ನೀರಿನಲ್ಲಿ ಮಾತ್ರವೇ ಇರತಕ್ಕದ್ದು. ಗುರುಗಳು ಇದನ್ನು ಹೇಳಿದಾಗ ಹಸಿದು ಕುಳಿತಿದ್ದ ನಮ್ಮ ಕಣ್ಣೆದುರಿಗೆ ಬಂದದ್ದು ರಾಗಿಯ ಮುದ್ದೆ. ಆದರೆ ಉತ್ತರಪತ್ರಿಕೆಯಲ್ಲಿ ಉದಾಹರಣೆಗೆ ನಾನು ಬರೆದದ್ದು ಸಕ್ತುವೆಂದು. ಮುದ್ದೆಯನ್ನು ಉಣ್ಣಬಹುದು, ಬರೆಯಬಾರದು ಎಂದು ನನಗೆ ಯಾರೂ ಹೇಳಿರಲಿಲ್ಲ. ಹೇಳದೆಯೇ ನನಗೆ ತಿಳಿದಿತ್ತು. ವಿದ್ಯೆಯೊಡನೆ ಈ ಅವಿದ್ಯೆಯೂ ನನಗೆ ಅಂಟಿತು.

೧೯೮೯ರಲ್ಲಿ ನಾನು ನಮ್ಮ ಸೀಮೆಯ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ಉಪಾಧ್ಯಾಯನಾಗಿದ್ದೆನು. ವಯಸ್ಸು ಮೂವತ್ತು, ನನ್ನ ಪಾಂಡಿತ್ಯದ ಮೇಲೆ ನನಗಿದ್ದ ವಿಶ್ವಾಸಕ್ಕೆ ಮಿತಿಯಿರಲಿಲ್ಲ. ಒಂದು ದಿನ ಒಂಬತ್ತನೆಯ ತರಗತಿಯ ಪಾಠದಲ್ಲಿ ಪಿಚ್ಛಿಲವೆಂಬ ಶಬ್ದವು ಬಂತು. ಕರಿಹಲಗೆಯ ಮೇಲೆ ಅದನ್ನು ದಪ್ಪಕ್ಷರದಲ್ಲಿ ಬರೆದು, ಯಾವುದು ಸಾಂದ್ರವೂ ಮಂದಗಾಮಿಯೂ ಆಗಿ ಸ್ಪರ್ಶಮಾತ್ರದಿಂದ ಸಂಲಗ್ನವಾಗುವುದೋ ಅದು ಪಿಚ್ಛಿಲ ಎಂದು ವಿವರಿಸಿದೆನು. ಮಕ್ಕಳ ಮುಖಗಳಲ್ಲಿ ಒಂದು ಗೆರೆಯೂ ಅಲುಗಲಿಲ್ಲ. "ಯಾರಿಗಾದರೂ ತಿಳಿಯಿತೋ?" ಎಂದೆನು.

ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದು ನಿಂತನು. ಆಲೆಮನೆಯ ಕೆಲಸದವರ ಮನೆಯ ಹುಡುಗ. ಆವರೆಗೆ ಅವನಾಗಿ ಬಾಯಿ ತೆರೆದದ್ದನ್ನು ನಾನು ಕಂಡಿರಲಿಲ್ಲ. ಅವನ ಮುಖವು ಅರಳಿತ್ತು. "ಲೋಳೆ ಸಾ!" ಎಂದನು.

ತರಗತಿಯೆಲ್ಲ ಗೊಳ್ಳೆಂದು ನಕ್ಕಿತು. ಆ ನಗೆಯು ನನ್ನ ವಿವರಣೆಯನ್ನು ಕುರಿತದ್ದೆಂದು ನನಗೆ ತೋರಿತು. ಬಹುಶಃ ಹಾಗೆಯೇ ಇದ್ದಿತು. ಏತಕ್ಕೆಂದರೆ ನಾನು ಹತ್ತು ಮಾತಿನಲ್ಲಿ ಮುಚ್ಚಿಟ್ಟದ್ದನ್ನು ಅವನು ಒಂದು ಮಾತಿನಲ್ಲಿ ತೆರೆದಿದ್ದನು. "ಅದು ಓದುವ ಮಕ್ಕಳು ಆಡುವ ಮಾತಲ್ಲ. ಹೋಗಿ ಬಾಯಿ ತೊಳೆದುಕೊಂಡು ಬಾ" ಎಂದೆನು. ಅವನು ಹೋದನು. ಅಂಗಿಯ ಎದೆಯನ್ನು ನೆನಸಿಕೊಂಡು ಹಿಂದಿರುಗಿ ಬಂದವನನ್ನು ಗಂಟೆ ಹೊಡೆಯುವವರೆಗೆ ನಿಲ್ಲಿಸಿದೆನು.

ಇಷ್ಟರಲ್ಲಿಯೇ ಮುಗಿದಿದ್ದರೆ ಈ ಲೇಖನಕ್ಕೆ ಕಾರಣವಿರುತ್ತಿರಲಿಲ್ಲ. ಅಂದಿನಿಂದ ಹುಡುಗರು ಅವನನ್ನು ಲೋಳೆಯೆಂದೇ ಕರೆಯತೊಡಗಿದರು. ಅದು ನನ್ನ ಕಿವಿಗೆ ಬಿದ್ದರೂ ತಡೆಯಲಿಲ್ಲ. ತಡೆಯಲಿಲ್ಲವೆಂದರೆ ನನ್ನ ತಪ್ಪನ್ನು ಅರ್ಧ ಮಾತ್ರ ಹೇಳಿದಂತಾಗುತ್ತದೆ. ಒಂದು ದಿನ ಹಾಜರಿ ಕರೆಯುವಾಗ ಅವನ ಜಾಗ ಬರಿದಾಗಿರುವುದನ್ನು ಕಂಡು, "ಎಲ್ಲಿ, ನಮ್ಮ ಲೋಳೆ ಎಲ್ಲಿಗೆ ಜಾರಿತು?" ಎಂದು ನಾನೇ ಕೇಳಿದೆನು. ಮಕ್ಕಳು ನಕ್ಕರು. ಆ ನಗೆ ನನಗೆ ಹಿತವಾಗಿಯೂ ಇದ್ದಿತು. ಅಷ್ಟು ಹೊತ್ತಿಗೆ ಬಾಗಿಲಲ್ಲಿ ಅವನು ನಿಂತಿದ್ದನು.

ವರ್ಷ ಮುಗಿಯುವುದರೊಳಗೆ ಅವನು ಶಾಲೆಯನ್ನು ಬಿಟ್ಟನು. ಆಲೆ ಆಡುವ ಕಾಲ, ಮನೆಯಲ್ಲಿ ಕೈ ಸಾಲದು ಎಂದು ಯಾರೋ ಹೇಳಿದರು. ಆ ಕಾರಣವು ನನಗೆ ಅನುಕೂಲವಾಗಿದ್ದುದರಿಂದ ನಂಬಿದೆನು.

ಆದರೆ ಶಬ್ದವು ನನ್ನನ್ನು ಬಿಡಲಿಲ್ಲ. ಅರಕಲಗೂಡಿನಲ್ಲಿ ನನ್ನ ತಂಗಿಯ ಮನೆ. ಒಮ್ಮೆ ಅಲ್ಲಿಗೆ ಹೋದಾಗ ಅವಳ ಮಗನು ಹರಿದ ಪುಸ್ತಕದ ಹಾಳೆಗಳನ್ನು ಚಳ್ಳೆಹಣ್ಣಿನ ಅಂಟಿನಿಂದ ಜೋಡಿಸುತ್ತಿದ್ದನು. ಚಳ್ಳೆಯ ಮರಕ್ಕೆ ಅಮರಕೋಶದಲ್ಲಿ ಶೇಲು, ಶ್ಲೇಷ್ಮಾತಕ ಎಂದು ಹೆಸರಿರುವುದನ್ನು ಅವನಿಗೆ ಹೇಳಲು ಹೊರಟು, ಹೇಳುತ್ತಿರುವಾಗಲೇ ನಾಲಗೆ ತಡೆಯಿತು. ಶ್ಲೇಷ್ಮವೆಂದರೇನು? ಮೂಗಿನ ಸಿಂಬಳ, ಗಂಟಲ ಕಫ. ಶ್ಲೇಷ್ಮಾತಕವೆಂದರೆ ಲೋಳೆಯ ಕಾಯಿನ ಮರವೇ ಅಲ್ಲವೆ? ಋಷಿಗಳೂ ವೈದ್ಯರೂ ಕೈಯಿಂದ ಮುಟ್ಟಿ, ಇದು ಸಿಂಬಳದಂತೆ ಇದೆ ಎಂದು ಸಂಕೋಚವಿಲ್ಲದೆ ಹೆಸರಿಟ್ಟಿದ್ದರು. ನಾನು ಮಾತ್ರ ಅದೇ ಮಾತನ್ನು ಕನ್ನಡದಲ್ಲಿ ಆಡಿದ ಹುಡುಗನ ಬಾಯಿ ತೊಳೆಸಿದೆನು. ಮೋಸಮಾಡುವುದಕ್ಕೆ ಚಳ್ಳೆಹಣ್ಣು ತಿನ್ನಿಸುವುದೆಂದು ನಮ್ಮ ಜನ ಹೇಳುತ್ತಾರಷ್ಟೆ; ನಾನು ನನಗೇ ಅದನ್ನು ತಿನ್ನಿಸಿಕೊಂಡಿದ್ದೆನು.

ಹಾಸನದಲ್ಲಿ ಪರೀಕ್ಷೆಯ ಕೆಲಸಕ್ಕೆ ಹೋದಾಗ ಕಟ್ಟುಗಳಿಗೆ ಅರಗಿನ ಮೊಹರು ಹಾಕುವುದನ್ನು ನೋಡುತ್ತಿದ್ದೆನು. ಉರಿಗೆ ಹಿಡಿದ ಅರಗು ಒಂದು ಕ್ಷಣ ತೂಗಾಡಿ, ಮನಸ್ಸಿಲ್ಲದವರಂತೆ ಕೆಳಗಿಳಿಯುವುದು. ೨೦೦೬ರಲ್ಲಿ ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕಕ್ಕೆ ಹೋಗಿದ್ದಾಗಲೂ ಅದೇ ಯೋಚನೆ ಬಂತು. ಐವತ್ತೆಂಟು ಅಡಿಯ ಗೊಮ್ಮಟಸ್ವಾಮಿಯ ಮುಡಿಯಿಂದ ಎಳನೀರೂ ಕಬ್ಬಿನ ಹಾಲೂ ಕಣ್ಣು ಮಿಟುಕಿಸುವಷ್ಟರಲ್ಲಿ ಪಾದಕ್ಕೆ ಬಂದವು. ಗಂಧವನ್ನು ಎರೆದಾಗ ಅದು ಹಾಗೆ ಬರಲಿಲ್ಲ. ಹಣೆಯಲ್ಲಿ ತಂಗಿ, ಭುಜದಲ್ಲಿ ತಂಗಿ, ಮೈಗೆ ಬಣ್ಣವಾಗಿ ನಿಂತು, ಉಳಿದದ್ದು ಇಳಿಯಿತು. ಬೇಗ ಹರಿದುದು ತೊಳೆಯಿತು, ನಿಧಾನವಾಗಿ ಹರಿದುದು ಉಳಿಯಿತು.

ನಿಧಾನವೆಂಬ ಮಾತಿಗೆ ನನ್ನ ಹಳೆಯ ಸಹೋದ್ಯೋಗಿಗಳಾದ ವಿಜ್ಞಾನದ ಉಪಾಧ್ಯಾಯರೊಬ್ಬರು ಹೇಳಿದ ಸಂಗತಿಯನ್ನೂ ಇಲ್ಲಿ ಸೇರಿಸಬೇಕು. ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡ್ ವಿಶ್ವವಿದ್ಯಾಲಯದಲ್ಲಿ ಥಾಮಸ್ ಪಾರ್ನೆಲ್ ಎಂಬ ಪ್ರಾಧ್ಯಾಪಕರು ೧೯೨೭ರಲ್ಲಿ, ಸುತ್ತಿಗೆಯಿಂದ ಹೊಡೆದರೆ ಗಾಜಿನಂತೆ ಒಡೆಯುವ ಕಪ್ಪು ಕೀಲನ್ನು ಕಾಯಿಸಿ ಒಂದು ಗಾಜಿನ ಆಲಿಕೆಗೆ ತುಂಬಿದರು. ಅದು ಕುದುರಿಕೊಳ್ಳಲಿ ಎಂದು ಮೂರು ವರ್ಷ ಬಿಟ್ಟು, ೧೯೩೦ರಲ್ಲಿ ಆಲಿಕೆಯ ಮೂತಿಯನ್ನು ಕತ್ತರಿಸಿದರು. ಅಂದಿನಿಂದ ೨೦೧೪ರವರೆಗೆ ಅದರಿಂದ ಬಿದ್ದದ್ದು ಒಂಬತ್ತೇ ಹನಿಗಳು. ಕಲ್ಲಿನಂತೆ ಕಾಣುವುದು ಕೂಡ ಒಳಗೊಳಗೇ ಹರಿಯುತ್ತಿರುತ್ತದೆ, ಹನಿ ಬೀಳುವುದು ಮಾತ್ರ ತಡ ಎಂದು ಅವರು ಹೇಳಿದರು. ನನ್ನ ಮನಸ್ಸಿನೊಳಗಿದ್ದುದೂ ಅಂಥದೇ ಒಂದು ಹನಿಯಾಗಿದ್ದಿತು.

ಕಳೆದ ಪುಷ್ಯಮಾಸದಲ್ಲಿ ಸಂಕ್ರಾಂತಿಯ ಎಳ್ಳುಬೆಲ್ಲಕ್ಕೆ ಒಳ್ಳೆಯ ಬೆಲ್ಲ ಬೇಕೆಂದು ಚನ್ನರಾಯಪಟ್ಟಣದ ಕಡೆಯ ಒಂದು ಆಲೆಮನೆಗೆ ಹೋದೆನು. ಗೊರೂರಿನ ಅಣೆಕಟ್ಟು ೧೯೭೯ರಲ್ಲಿ ಮುಗಿದು ಹೇಮಾವತಿಯ ನೀರು ನಾಲೆಗಳಲ್ಲಿ ಹರಿದ ಮೇಲೆ ಆ ಸೀಮೆಯಲ್ಲಿ ಕಬ್ಬು ಹೆಚ್ಚಿತು. ಶ್ರೀನಿವಾಸಪುರದಲ್ಲಿ ಸಹಕಾರಿ ಸಕ್ಕರೆ ಕಾರ್ಖಾನೆಯು ಬಂದ ಮೇಲೂ ಆಲೆಮನೆಯ ಹೊಗೆ ಪೂರ್ತಿ ಆರಲಿಲ್ಲ. ಎತ್ತಿನ ಗಾಣ ಹೋಗಿ ಮೋಟಾರು ಬಂದಿದೆ; ಕೊಪ್ಪರಿಗೆಯೂ ಒಲೆಯೂ ಹಾಗೆಯೇ ಇವೆ.

ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಬಿಸಿಯಾಗುತ್ತಿದ್ದಿತು. ಹಸುರೂ ಕಂದೂ ಬೆರೆತ ಕಲಕು ಬಣ್ಣ. ಪಾಕ ನೋಡುವಾತನು ಐವತ್ತರ ಪ್ರಾಯದವನು. ಆಳುಗಳು ಅವನನ್ನು "ಲೋಳಣ್ಣ" ಎಂದು ಕರೆಯುತ್ತಿದ್ದುದು ಕಿವಿಗೆ ಬಿದ್ದರೂ ಮನಸ್ಸಿಗೆ ಬರಲಿಲ್ಲ. ಅವನು ಹಾಲಿಗೆ ಸ್ವಲ್ಪ ಸುಣ್ಣದ ತಿಳಿಯನ್ನು ಬಿಟ್ಟನು. ಅನಂತರ ಮೂಲೆಯಲ್ಲಿದ್ದ ತೊಟ್ಟಿಯಿಂದ ಒಂದು ಬೋಗುಣಿಯಲ್ಲಿ ಏನನ್ನೋ ಮೊಗೆದು ತಂದನು. ಬೋಗುಣಿಯನ್ನು ಓರೆಮಾಡಿದಾಗ ಅದು ಧಾರೆಯಾಗಿ ಬೀಳಲಿಲ್ಲ. ಹಗ್ಗದಂತೆ ತೂಗುತ್ತ ಇಳಿಯಿತು. ಬೆಂಡೆಯ ಗಿಡವನ್ನು ಜಜ್ಜಿ ನೀರಿನಲ್ಲಿ ನೆನೆಯಿಟ್ಟು ತೆಗೆದ ಲೋಳೆ.

ಆಮೇಲೆ ಕಂಡದ್ದನ್ನು ನಾನು ಮರೆಯಲಾರೆನು. ಹಾಲು ಕಾಯುತ್ತ ಬಂದಂತೆ ಆ ಲೋಳೆಯು ಬಲೆಯಂತೆ ಹರಡಿ, ಹಾಲಿನಲ್ಲಿದ್ದ ಮಣ್ಣು, ನಾರು, ಮೇಣ ಮೊದಲಾದ ಕಲ್ಮಷವನ್ನೆಲ್ಲ ತನ್ನ ಮೈಗೆ ಅಂಟಿಸಿಕೊಂಡು ಕಪ್ಪು ನೊರೆಯಾಗಿ ಮೇಲೆದ್ದಿತು. ಲೋಳೆಯೆಂಬುದು ಸಕ್ಕರೆಯ ಜಾತಿಯ ಕಣಗಳೇ ಸರಪಳಿಯಾಗಿ ಬಹು ಉದ್ದಕ್ಕೆ ಬೆಳೆದುದಂತೆ. ಆ ಉದ್ದದಿಂದಲೇ ಅದಕ್ಕೆ ಹಿಡಿಯುವ ಶಕ್ತಿ. ಉದ್ದನೆಯ ಹಿಡಿಯ ಜಾಲರಿಯಿಂದ ಅವನು ನೊರೆಯನ್ನು ಬಳಿದು ಬಳಿದು ತೆಗೆದನು. ಕೆಳಗೆ ಉಳಿದ ಹಾಲು ತಿಳಿಯಾಗಿ ಹೊನ್ನಿನ ಬಣ್ಣವನ್ನು ತಾಳಿತು. ಪಿಚ್ಛಿಲಕ್ಕೆ ವಿಶದವು ವಿರುದ್ಧವೆಂದು ನಾನು ಬಾಯಿಪಾಠ ಮಾಡಿದ್ದೆನು. ಪಿಚ್ಛಿಲದಿಂದಲೇ ವಿಶದವಾಗುವುದನ್ನು ಅಂದು ಕಂಡೆನು.

"ಬೆಂಡೆ ಲೋಳೆ ಹಾಕ್ದಿದ್ರೆ ಕೊಳೆ ಮೇಲಕ್ಕೆ ಬರಕ್ಕಿಲ್ಲ ಸಾ. ಈಗ ಬಾಳ ಜನ ಅಂಗಡಿ ಪುಡಿ ಹಾಕ್ತಾರೆ. ಬೆಲ್ಲ ಬೆಳ್ಳಗಾಯ್ತದೆ, ಗಿರಾಕಿಗೂ ಅದೇ ಬೇಕು" ಎಂದು ಅವನು ಕೆಲಸವನ್ನು ನಿಲ್ಲಿಸದೆಯೇ ಹೇಳಿದನು. ಬಣ್ಣ ತೆಗೆಯುವ ಗಂಧಕದ ಉಪ್ಪುಗಳು ಅವು. ಕೊಳೆಯನ್ನು ತೆಗೆಯುವ ಬದಲು ಬಣ್ಣವನ್ನು ಮಾತ್ರ ಕಳೆಯುತ್ತವೆ. ಭಾಷೆಗೆ ನಾನು ಮಾಡಬೇಕೆಂದಿದ್ದುದು ಯಾವುದು ಎಂಬುದು ನನಗೆ ಹೊಳೆಯದೆ ಹೋಗಲಿಲ್ಲ.

ಅಷ್ಟರಲ್ಲಿ ಅವನು ನನ್ನ ಕಡೆಗೆ ತಿರುಗಿ ಒಂದು ಗಳಿಗೆ ನೋಡಿ, "ಮೇಷ್ಟ್ರೇ, ನನ್ನ ಗುರ್ತು ಸಿಕ್ನಿಲ್ವಾ?" ಎಂದನು. ನಾನು ಸುಮ್ಮನಿದ್ದೆನು.

"ಲೋಳೆ ಸಾ" ಎಂದನು.

ಅವೇ ಎರಡು ಮಾತುಗಳು. ಅಂದು ಉತ್ತರವಾಗಿದ್ದುದು ಇಂದು ಅವನ ಹೆಸರಾಗಿದ್ದಿತು. ಆಲೆಮನೆಯಲ್ಲಿ ಯಾರೂ ನಗಲಿಲ್ಲ; ಅವರಿಗೆ ಅದು ಮರ್ಯಾದೆಯ ಹೆಸರು. ನನಗೆ ಮಾತು ಬರಲು ಸ್ವಲ್ಪ ಹೊತ್ತಾಯಿತು. "ಅಪ್ಪಾ, ಅಂದು ನಾನು ಮಾಡಿದ್ದು ದೊಡ್ಡ ತಪ್ಪು" ಎಂದು ತೊಡಗಿದೆನು.

"ತಡೀರಿ ಸಾ, ಪಾಕ ಬಂತು" ಎಂದು ಅವನು ಒಲೆಯ ಕಡೆಗೆ ಓಡಿದನು. ಪಾಕಕ್ಕೆ ಯಾರ ಪಶ್ಚಾತ್ತಾಪವೂ ತಿಳಿಯದು. ನೂರ ಹದಿನೆಂಟು ಡಿಗ್ರಿಯ ಸುಮಾರಿಗೆ ಬಂದಾಗ ಇಳಿಸದಿದ್ದರೆ ಸೀದು ಹೋಗುವುದು. ಅವನ ಕೈಯಲ್ಲಿ ಮಾಪಕವೇನೂ ಇರಲಿಲ್ಲ. ಒಂದು ಹನಿಯನ್ನು ನೀರಿಗೆ ಬಿಟ್ಟು ಬೆರಳಿನಿಂದ ಉರುಳಿಸಿ ನೋಡಿದನು, ಉಂಡೆಯಾಯಿತು. ನಾಲ್ವರು ಕೂಡಿ ಕೊಪ್ಪರಿಗೆಯನ್ನು ಎತ್ತಿ ಬಗ್ಗಿಸಿದರು. ಮಂದವಾದ ಕೆಂಪು ಪಾಕವು ಮಡಿಕೆಮಡಿಕೆಯಾಗಿ ಹರಿದು ಬಂದು ತಂಪಿಗೆ ನಿಂತಿತು. ನೂರು ಸೇರು ಕಬ್ಬಿಗೆ ಹತ್ತು ಸೇರಿನ ಸುಮಾರು ಬೆಲ್ಲ. ಉಳಿದುದೆಲ್ಲ ಸಿಪ್ಪೆ, ಆವಿ, ನೊರೆ.

ಬೆವರನ್ನು ಒರೆಸಿಕೊಂಡು ಬಂದು ಅವನು ನನ್ನ ಮಗ್ಗುಲಲ್ಲಿ ಕುಳಿತನು. ಮುತ್ತುಗದ ಎಲೆಯಲ್ಲಿ ಬಿಸಿಪಾಕವನ್ನು ತಂದಿದ್ದನು.

"ಶಾಲೆ ಬಿಟ್ಟದ್ದು ಆ ಕಾರಣಕ್ಕೇ ಏನಪ್ಪಾ?" ಎಂದು ಕೇಳಿದೆನು.

"ಮನೇಲಿ ಕಷ್ಟ ಇತ್ತು ಸಾ" ಎಂದನು. ಸ್ವಲ್ಪ ತಡೆದು, "ಅದ್ಕೂ ಹೌದು" ಎಂದನು.

ನಾನು ತಲೆ ತಗ್ಗಿಸಿದೆನು. ಅವನು ಎಲೆಯನ್ನು ನನ್ನ ಕೈಗೆ ಕೊಟ್ಟು, ಬಹಳ ದಿನದಿಂದ ಇಟ್ಟುಕೊಂಡಿದ್ದ ಮಾತನ್ನು ಕೇಳುವವನಂತೆ ಕೇಳಿದನು: "ಮೇಷ್ಟ್ರೇ, ಒಂದು ಕೇಳ್ತೀನಿ. ಅವತ್ತು ನಾನು ಹೇಳಿದ್ದು ಸರಿ ಇತ್ತಾ, ತಪ್ಪಾ?"

"ಸರಿಯಾಗಿತ್ತಪ್ಪಾ. ಅದಕ್ಕಿಂತ ಸರಿಯಾದ ಉತ್ತರವಿಲ್ಲ" ಎಂದೆನು.

ಅವನು ಆಳುಗಳ ಕಡೆಗೆ ತಿರುಗಿ, "ಕೇಳುದ್ರೇನ್ರಲಾ?" ಎಂದನು. ಅಷ್ಟೆ. ಕ್ಷಮಿಸಿದೆನೆಂದು ಅವನು ಹೇಳಲಿಲ್ಲ. ಹೇಳೆಂದು ಕೇಳುವ ಅಧಿಕಾರವೂ ನನಗಿರಲಿಲ್ಲ. ಐದು ಸೇರು ಬೆಲ್ಲಕ್ಕೆ ನ್ಯಾಯವಾದ ಬೆಲೆಯನ್ನು ಎಣಿಸಿ ತೆಗೆದುಕೊಂಡನು.

ಮನೆಗೆ ಬಂದು ಪಾಠಶಾಲೆಯ ಕಾಲದ ನನ್ನ ಹಳೆಯ ಪುಸ್ತಕವನ್ನು ತೆಗೆದು, ಪಿಚ್ಛಿಲವೆಂಬ ಶಬ್ದದ ಮುಂದೆ ಲೋಳೆ ಎಂದು ಬರೆದೆನು. ಸ್ನೇಹದ ಮುಂದೆ ರಾಗಿಯ ಮುದ್ದೆಯೆಂದೂ ಬರೆದೆನು. ಇದರಿಂದ ಒಂಬತ್ತನೆಯ ತರಗತಿಯ ಹಿಂದಿನ ಬೆಂಚು ಮತ್ತೆ ತುಂಬುವುದಿಲ್ಲವೆಂಬುದು ನನಗೆ ಗೊತ್ತು. ಸಂಸ್ಕೃತದ ಮೇಲಿನ ನನ್ನ ಭಕ್ತಿಯು ಕುಂದಿದೆಯೆಂದೂ ವಾಚಕರು ತಿಳಿಯಬಾರದು. ಅದರಲ್ಲಿನ ಶಬ್ದಗಳನ್ನು ಮೊದಲು ಆಡಿದವರೂ ಕೆಸರನ್ನು ತುಳಿದು, ಚಳ್ಳೆಹಣ್ಣನ್ನು ಹಿಸುಕಿ ಆಡಿದವರೇ. ಈಗ ಪಾಠ ಹೇಳುತ್ತಿರುವ ಕಿರಿಯರಲ್ಲಿ ನನ್ನ ವಿಜ್ಞಾಪನೆ ಇಷ್ಟೇ: ಒಂದು ಮಗುವು ಎದ್ದು ನಿಂತು ಮನೆಯ ಮಾತೊಂದನ್ನು ಹೇಳಿದರೆ, ಅದು ಸರಿಯೋ ತಪ್ಪೋ ಎಂಬುದನ್ನು ಮೊದಲು ನೋಡಿ, ಚೆಂದವೋ ಅಲ್ಲವೋ ಎಂಬುದನ್ನು ಆಮೇಲೆ ನೋಡಬಹುದು. ಅಂದು ಅಂಟಿದ ಹೆಸರು ಆ ಮಗುವಿನೊಡನೆ ಐವತ್ತು ವರ್ಷ ನಡೆಯುತ್ತದೆ.

ತಂದ ಬೆಲ್ಲದಲ್ಲಿ ಒಂದು ಅಚ್ಚು ಮಳೆಗಾಲದವರೆಗೆ ಉಳಿದಿತ್ತು. ಆಷಾಢದ ತೇವಕ್ಕೆ ಅದು ಬೆವರಿ ಡಬ್ಬಿಯ ತಳದಲ್ಲಿ ಕರಗಿ ನಿಂತಿತು. ನನ್ನ ಹೆಂಡತಿಯು ಡಬ್ಬಿಯನ್ನು ತೆರೆದು ನೋಡಿ, "ಅಯ್ಯೋ, ಎಲ್ಲಾ ಲೋಳೆಲೋಳೆಯಾಗಿ ಹೋಯಿತಲ್ಲ" ಎಂದಳು. "ಸರಿಯಾದ ಮಾತು" ಎಂದೆನು. ಏಕೆ ಹಾಗೆಂದೆನೆಂಬುದು ಅವಳಿಗೆ ಈ ಲೇಖನವನ್ನು ಓದಿದ ಮೇಲೆ ತಿಳಿಯಬಹುದು.